ರೈಟರಿಗೆ ಬಡಿಸದ ರೊಟ್ಟಿ

ಖುಷಿ ಹೊಟ್ಟೆಯೊಳಗೆ ನಿಲ್ಲದೆ ಬರೆಯಲು ಕೂತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಒತ್ತಕ್ಷರ ಬಂದಲ್ಲೆಲ್ಲ ಮೊಮ್ಮಗಳನ್ನು ಕೇಳಿದ್ದೇನೆ. ಅವಳು ಅಕ್ಷರ ತಿದ್ದಿದ್ದಾಳೆ, ಹೇಳಿದ್ದನ್ನು ತಿದ್ದಿಲ್ಲ. ತಿದ್ದಲು ನಾನು ಬಿಡಲೂ ಇಲ್ಲ.

ಮೂಡಿಗೆರೆಯಲ್ಲಿ ಕಾಲೇಜಿಗೆ ಹೋಗುವ ಏರುದಾರಿಯಲ್ಲಿ ನಮ್ಮ ಮನೆ. ಹಿತ್ತಲಿಗೆ ಅಂಟಿಕೊಂಡು ಮೂರು ರೂಮುಗಳಿವೆ. ನನ್ನ ಮಗ ಬಾಡಿಗೆಗೆಂದು ಕಟ್ಟಿಸಿದ್ದು. ಬಾಡಿಗೆಯವರು ಬಿಟ್ಟುಹೋದ ಮೇಲೆ ಅಲ್ಲಿ ಹಳೇ ಟೈರು, ಸೌದೆ, ಕೋಳಿ ಗೂಡು ಸೇರಿಕೊಂಡಿದ್ದವು. ಮೊಮ್ಮಗಳು ಡಿಗ್ರಿ ಮುಗಿಸಿದವಳೇ, "ಅಪ್ಪ, ಅದನ್ನ ನಂಗೆ ಕೊಡು" ಅಂದಳು. ಮಕ್ಕಳನ್ನು ಕಾಲೇಜಿಗೆ ಸೇರಿಸಲು ರಾಯಚೂರು, ಮಂಡ್ಯ, ಗದಗದಿಂದ ತಂದೆ ತಾಯಿ ಬರುತ್ತಾರೆ. ಟ್ರಂಕು, ಬಕೆಟ್ಟು, ಹಾಸಿಗೆ ಎಲ್ಲ ಹೊತ್ತುಕೊಂಡು ಮಳೆಯಲ್ಲಿ ನಿಲ್ಲುತ್ತಾರೆ. ರೆಸಾರ್ಟುಗಳು ಅವರ ಕೈಗೆ ಎಟುಕುವುದಿಲ್ಲ. ಊರಲ್ಲಿ ಎಲ್ಲಿ ಉಳಿಯಬಹುದು ಎಂದು ಹೇಳುವವರಿಲ್ಲದೆ ಚಿಕ್ಕಮಗಳೂರಿಗೆ ವಾಪಸು ಹೋಗಿ ಮಲಗುತ್ತಾರೆ. ಅವರಿಗಾಗಿ ರೂಮು ಮಾಡುತ್ತೇನೆ ಎಂದಳು ಹುಡುಗಿ. ತಾನೇ ಸುಣ್ಣ ಬಳಿದಳು, ತಾನೇ ಬೋರ್ಡು ಬರೆದಳು. ಅಡಿಗೆ ನನ್ನ ಪಾಲಿಗೆ ಬಂತು.

ಮೊದಲ ವರ್ಷ ಬಂದವರು ಕಡಿಮೆ. ಬೋರ್ಡು ಕಾಣುವುದು ನಮ್ಮ ದಾರಿಗೆ ಬಂದವರಿಗೆ ಮಾತ್ರ. ಊರಿಂದ ಹೊರಡುವಾಗಲೇ ಗೊತ್ತಿರಬೇಕಲ್ಲ? ನನ್ನ ಮಗ ಸಂಸೆಯಲ್ಲಿ ಜೀಪು ಓಡಿಸುತ್ತಾನೆ, ವಾರಕ್ಕೊಮ್ಮೆ ಬರುತ್ತಾನೆ. ಅವನು ಮಗಳಿಗೆ ಖಡಾಖಂಡಿತವಾಗಿ ಹೇಳಿದ: "ಈ ವರ್ಷದ ಅಡ್ಮಿಷನ್ ಮುಗಿಯೋವರೆಗೆ ನೋಡ್ತೀನಿ. ರೂಮು ತುಂಬದಿದ್ರೆ ಗೊಬ್ಬರದಂಗಡಿಯವ್ರಿಗೆ ಗೋಡೌನಿಗೆ ಕೊಟ್ಬಿಡ್ತೀನಿ. ನೀನು ಮಂಗಳೂರಿನ ಹೋಟೆಲ್ ಕೆಲಸಕ್ಕೆ ಹೋಗು." ಅವತ್ತು ಊಟಕ್ಕೆ ಕೂತಾಗ ಹುಡುಗಿ ತುತ್ತು ಕಲಸುತ್ತಲೇ ಇದ್ದಳು, ಬಾಯಿಗೆ ಹೋಗಲಿಲ್ಲ.

ರೂಮು ನಡೆಸುವುದು ಹೊರಗಿನಿಂದ ನೋಡುವಷ್ಟು ಸಲೀಸಲ್ಲ. ನಮ್ಮ ಮಳೆಗಾಲದಲ್ಲಿ ಬೆಡ್‌ಶೀಟು ಒಣಗಿಸುವುದೇ ಒಂದು ದೊಡ್ಡ ಕೆಲಸ. ಮೊದಲು ಒಲೆಯ ಮೇಲಿನ ಅಟ್ಟದಲ್ಲಿ ಹರವಿದೆವು. ಬಂದವರೊಬ್ಬರು, "ಹೊದಿಕೆಗೆ ಮೀನು ಸುಟ್ಟ ವಾಸನೆ" ಎಂದರು. ಫ್ಯಾನಿನ ಕೆಳಗೆ ಹಾಕಿದರೆ ಎರಡು ದಿನವಾದರೂ ತಣ್ಣಗೇ ಇರುತ್ತಿದ್ದವು. ಕೊನೆಗೆ ಬಚ್ಚಲಿನ ಹಂಡೆಯ ಹಿಂದಿನ ಗೋಡೆ ಸದಾ ಬೆಚ್ಚಗಿರುವುದು ನೆನಪಾಯಿತು. ಆ ಗೋಡೆಯ ಆಚೆ ಬದಿಗೆ, ಸೂರಿನ ಕೆಳಗೆ, ತಂತಿ ಕಟ್ಟಿದೆ. ಉರಿಗೆ ಒಣಗಿದ ಕಾಫಿ ಕಟ್ಟಿಗೆ ಮಾತ್ರ; ಅದರ ಹೊಗೆ ಕಡಿಮೆ, ಕೆಂಡ ಹೆಚ್ಚು ಹೊತ್ತು ನಿಲ್ಲುತ್ತದೆ. ಬೆಳಿಗ್ಗೆ ಹಾಕಿದ ಶೀಟು ಸಂಜೆಗೆ ಗರಿಗರಿ. ಮೊಮ್ಮಗಳು ಆ ಶೀಟಿಗೆ ಮುಖ ಒತ್ತಿ, "ಅಜ್ಜೀ, ನೀನು ಇಂಜಿನಿಯರ್ ಆಗ್ಬೇಕಿತ್ತು" ಅಂದಳು. ಅಯ್ಯೋ, ಆ ಮಾತಿಗೆ ನಾನು ಎಷ್ಟು ಉಬ್ಬಿದೆ!

ಅಡ್ಮಿಷನ್‌ಗೆ ಮೂರು ವಾರ ಇರುವಾಗ ಅವಳಿಗೆ ಚಿಕ್ಕಮಗಳೂರಿನಲ್ಲಿ ಮೂರು ದಿನದ ಟ್ರೇನಿಂಗ್ ಬಂತು, ಹೋಂಸ್ಟೇ ನಡೆಸುವವರಿಗೆ. ಚೀಲ ಹೆಗಲಿಗೇರಿಸಿ ಓಡುತ್ತಲೇ ಹೇಳಿದಳು: "ಅಜ್ಜೀ, ಇವತ್ತು ಒಬ್ರು ರೈಟರ್ ಬರ್ತಾರೆ. ಎರಡು ರಾತ್ರಿ ಇರ್ತಾರೆ. ಪುಸ್ತಕದಲ್ಲಿ ನಮ್ಮ ಹೆಸರು ಬರೀತಾರೆ. ಕೇಳಿದ್ದೆಲ್ಲ ಹೇಳು, ಆಯ್ತಾ?" ಬಸ್ಸು ಹಾರ್ನ್ ಹೊಡೆಯಿತು. ಅವಳು ಹೋದಳು.

ಇಲ್ಲಿ ಒಂದು ವಿಷಯ ಹೇಳಬೇಕು. ನಾನು ಆಲ್ದೂರು ಕಡೆಯ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕುಯ್ದವಳು. ನಮ್ಮ ಕಡೆ ರೈಟರ್ ಅಂದರೆ ಒಬ್ಬರೇ: ತೋಟದಲ್ಲಿ ಹಾಜರಿ ಬರೆಯುವವರು. ಪುಸ್ತಕ ಅಂದರೆ ಚೆಕ್‌ರೋಲ್, ಆಳುಗಳ ಹೆಸರಿರುವ ಹಾಜರಿ ಪುಸ್ತಕ. ಬೇರೆ ರೈಟರನ್ನು, ಬೇರೆ ಪುಸ್ತಕವನ್ನು ನಾನು ಕಂಡವಳೇ ಅಲ್ಲ.

ಪಕ್ಕದ ಮನೆಯಲ್ಲಿ ಒಬ್ಬ ಹಳೇ ಮೇಸ್ತ್ರಿ ಇದ್ದಾನೆ, ನನ್ನ ಜೊತೆಗೇ ತೋಟದ ಕೆಲಸ ಬಿಟ್ಟವನು. ಬೇಲಿಯ ಹತ್ತಿರ ಅವನಿಗೆ ಹೇಳಿದೆ. ಅವನು ತಲೆಯಾಡಿಸಿದ. "ಹೌದು ಮಾರಾಯ್ತಿ, ಮೇಲಿನ ಎಸ್ಟೇಟಿಗೆ ಹೊಸ ರೈಟ್ರು ಬರ್ತಾರಂತೆ. ಕ್ವಾರ್ಟರ್ಸ್ ಸೋರ್ತದೆ ಅಂತ ಹೊರಗೆ ರೂಮು ಹುಡುಕ್ತಿದ್ರು. ಜನ ಸಾಲದು ಅಂತ ಊರಿನವ್ರನ್ನೂ ಕರೀತಾರಂತೆ. ನಿನ್ನ ಹೆಸರೂ ಬರ್ಕೊಂಡಾರು, ಹುಷಾರು!"

"ಈ ಮಂಡಿ ಇಟ್ಕೊಂಡು ನಾನು ಗಿಡದ ಬುಡಕ್ಕೆ ಹೋಗ್ಲಾ?"

"ನಿನ್ನ ಮಂಡಿ ಕೇಳ್ಕೊಂಡು ಬರಿಯೋ ರೈಟ್ರು ಎಲ್ಲಿದಾರೆ!" ಎಂದು ನಕ್ಕ.

ಮಧ್ಯಾಹ್ನ ಅವರು ಬಂದರು. ಐವತ್ತರ ಆಚೀಚೆ, ಕನ್ನಡಕ, ಮಂಡಿಯವರೆಗೆ ಒದ್ದೆಯಾದ ಪ್ಯಾಂಟು. ಒಂದು ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದರು. ಆ ಅವಚಿಕೊಂಡ ರೀತಿ ನೋಡಿಯೇ ನನಗೆ ಗ್ಯಾರಂಟಿಯಾಯಿತು. "ನಾನು ರೈಟರ್, ಬರ್ತೀನಂತ ಹೇಳಿದ್ರಲ್ಲ?" ಅಂದರು. "ಬನ್ನಿ ರೈಟ್ರೇ" ಅಂದೆ.

ಆಳಾಗಿ ದುಡಿದವರಿಗೆ ಗೊತ್ತು, ರೈಟರ ಹತ್ತಿರ ಹೇಗೆ ಮಾತಾಡಬೇಕು ಅಂತ. ಕೇಳಿದ್ದಕ್ಕೆ ಮಾತ್ರ ಉತ್ತರ. ಒಂದು ಮಾತು ಹೆಚ್ಚಾದರೂ ಅದು ಪುಸ್ತಕ ಸೇರುತ್ತದೆ, ಆಮೇಲೆ ಅಳಿಸಲು ಬರುವುದಿಲ್ಲ. ನನ್ನ ಅವ್ವ ಕಲಿಸಿದ್ದು ಅದನ್ನೇ.

ಅವರು ಜಗಲಿಯಲ್ಲಿ ಕೂತು ಪೆನ್ನು ತೆಗೆದರು. "ಊಟಕ್ಕೆ ಏನೇನು ಮಾಡ್ತೀರಮ್ಮ?"

"ಏನಿರ್ತದೋ ಅದೇ."

"ಈ ಕಡೆಯದು ಅಂತ ವಿಶೇಷ ಏನಾದ್ರೂ?"

"ಬಡವರ ಮನೇಲಿ ಎಂತ ವಿಶೇಷ ರೈಟ್ರೇ."

ಬರೆದುಕೊಂಡರು. "ಸುತ್ತಮುತ್ತ ನೋಡೋಕೆ ಏನಿದೆ?"

"ತೋಟ."

"ತೋಟ ಬಿಟ್ಟು?"

"ತೋಟದ ಆಚೆ ಇನ್ನೊಬ್ಬರ ತೋಟ."

"ದೇವರಮನೆ ಗುಡ್ಡ ದೂರವಾ? ನಡೀಬಹುದಾ?"

"ನಡೆದ್ರೆ ಆಗ್ತದೆ."

ನಾನು ಸುಳ್ಳು ಹೇಳಲಿಲ್ಲ. ನಡೆದರೆ ಆಗುತ್ತದೆ, ನಮ್ಮ ಹಿರಿಯರು ನಡೆದಿದ್ದಾರೆ. ಎಷ್ಟು ಹೊತ್ತು ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಊಟವನ್ನು ಕ್ಯಾರಿಯರಿನಲ್ಲಿ ಹಾಕಿ ರೂಮಿಗೇ ಕೊಟ್ಟೆ. ಎಸ್ಟೇಟಿನಲ್ಲಿ ರೈಟರು ಆಳುಗಳ ಜೊತೆ ಕೂತು ಉಣ್ಣುವುದಿಲ್ಲ, ಅದು ಮರ್ಯಾದೆ ಎಂದುಕೊಂಡೆ. ಅನ್ನ, ಬೇಳೆ ಸಾರು, ಉಪ್ಪಿನಕಾಯಿ. ಒಳಗೆ ಕಳಲೆ ನೀರಿನಲ್ಲಿ ನೆನೆದಿತ್ತು. ಎಳೆ ಬಿದಿರನ್ನು ಸಣ್ಣಗೆ ಹೆಚ್ಚಿ ದಿನವೂ ನೀರು ಬದಲಿಸಿ ಮೂರು ದಿನ ಇಡಬೇಕು, ಇಲ್ಲದಿದ್ದರೆ ಕಹಿ ಹೋಗುವುದಿಲ್ಲ. ಪತ್ರೊಡೆ ಸುತ್ತಲು ಕೆಸುವಿನ ಎಲೆಯೂ ಇತ್ತು. ಅದನ್ನೆಲ್ಲ ಬರುವ ಅತಿಥಿಗಳಿಗೆಂದು ಇಟ್ಟಿದ್ದೆ. ಬಂದು ಕೂತವರೂ ಅತಿಥಿಯೇ ಎಂದು ನನಗೆ ತಿಳಿಯಬೇಕಲ್ಲ!

ಆದರೂ ನನಗೆ ಒಂದು ಕುತೂಹಲ. ಈ ರೈಟರು ಬೇರೆ ಥರ ಇದ್ದರು. ಹಿತ್ತಲಿಗೆ ಹೋಗಿ ಹಂಡೆಯ ಹಿಂದಿನ ತಂತಿಯನ್ನು ಮುಟ್ಟಿ ನೋಡಿದರು. ಕಿಟಕಿ ತೆಗೆದು ಮುಚ್ಚಿ ನೋಡಿದರು. ಮಂಚದ ಮೇಲೆ ಕೂತು ಎದ್ದು ಮತ್ತೆ ಕೂತರು. ಹಾಜರಿ ಬರೆಯುವವರಿಗೆ ಮಂಚದ ಗಟ್ಟಿತನ ಯಾಕೆ? ಅಡಿಗೆಮನೆಯ ಕಿಂಡಿಯಿಂದ ನೋಡುತ್ತ ನಾನು ತಲೆ ಕೆರೆದುಕೊಂಡೆ.

ಸಂಜೆ ನಡುಮನೆಯ ಲ್ಯಾಂಡ್‌ಲೈನಿಗೆ ಮೊಮ್ಮಗಳ ಫೋನು. "ಬಂದ್ರಾ ಅಜ್ಜಿ?"

"ಬಂದ್ರು."

"ಕೇಳಿದ್ದಕ್ಕೆಲ್ಲ ಹೇಳಿದ್ಯಾ?"

"ಒಂದನ್ನೂ ಬಿಡದೆ ಹೇಳಿದೆ." ಅವಳು ಖುಷಿಯಿಂದ ಫೋನಿಗೇ ಮುತ್ತು ಕೊಟ್ಟಳು. ಪಾಪ.

ಮರುದಿನ ರೈಟರು ಬೆಳಿಗ್ಗೆಯೇ ಹೊರಟರು. ವಾಪಸು ಬಂದಾಗ ನಾಲ್ಕು ಗಂಟೆ. ಗುಡ್ಡಕ್ಕೆ ನಡೆದೇ ಹೊರಟಿದ್ದರಂತೆ. ಎರಡು ಗಂಟೆ ನಡೆದರೂ ಗುಡ್ಡವಿಲ್ಲ, ಮಂಜಿನಲ್ಲಿ ದಾರಿಯೂ ಇಲ್ಲ. ದಾರಿಹೋಕರನ್ನು ಕೇಳಿದರೆ, "ಅಯ್ಯೋ, ಇನ್ನೂ ಕಾಲುಭಾಗವೂ ಬಂದಿಲ್ವಲ್ಲ ಸ್ವಾಮಿ" ಎಂದರಂತೆ. ಜಗಲಿಯಲ್ಲಿ ಕೂತು ಪ್ಯಾಂಟು ಮಡಚಿದರೆ ಎರಡೂ ಕಾಲಿಗೆ ಇಂಬಳ ಕಚ್ಚಿ, ರಕ್ತ ಕುಡಿದು ದ್ರಾಕ್ಷಿಯ ಹಾಗೆ ಉಬ್ಬಿದ್ದವು. ಅವರು ಒಂದನ್ನು ಕೀಳಲು ಕೈ ಹಾಕಿದರು.

"ಕೀಳಬೇಡಿ, ಕೀಳಬೇಡಿ" ಎಂದು ಓಡಿ ಉಪ್ಪಿನ ಗಂಟು ತಂದೆ. ಬಟ್ಟೆಯಲ್ಲಿ ಉಪ್ಪು ಕಟ್ಟಿ ಒದ್ದೆ ಮಾಡಿ ಮುಟ್ಟಿಸಿದರೆ ತಾವಾಗಿ ಉದುರುತ್ತವೆ. ಒಂದೊಂದನ್ನೇ ಉದುರಿಸುತ್ತ, ಮಾತು ಬೇರೆ ಕಡೆಗೆ ತಿರುಗಲಿ ಅಂತ ಕೇಳಿದೆ: "ಚೆಕ್‌ರೋಲ್ ಯಾವತ್ತಿಂದ ಶುರು ರೈಟ್ರೇ?"

"ಏನು ರೋಲು?"

"ಹಾಜರಿ. ಮೇಲಿನ ಎಸ್ಟೇಟಿಂದು."

"ಯಾವ ಎಸ್ಟೇಟಮ್ಮ? ನಾನು ಪುಸ್ತಕ ಬರೆಯೋನು."

"ಅದೇ, ಪುಸ್ತಕ. ನನ್ನ ಹೆಸರು ಮಾತ್ರ ಬರೀಬೇಡಿ, ಮಂಡಿ ಸರಿ ಇಲ್ಲ."

ಅವರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಉಪ್ಪಿನ ಗಂಟು ನನ್ನ ಕೈಯಲ್ಲೇ ಇತ್ತು. ಆಮೇಲೆ ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಮಕ್ಕಳನ್ನು ಸೇರಿಸಲು ಬರುವ ತಂದೆ ತಾಯಿಗೆ ಕಾಲೇಜಿನವರು ಒಂದು ಸಣ್ಣ ಪುಸ್ತಕ ಮಾಡಿಸುತ್ತಿದ್ದಾರೆ: ಎಲ್ಲಿ ಉಳಿಯಬೇಕು, ಎಲ್ಲಿ ಉಣ್ಣಬೇಕು, ಏನು ನೋಡಬೇಕು. ಅದನ್ನು ಬರೆಯುವವರು ಇವರು. ನಮ್ಮ ಮನೆಯನ್ನೂ ಸೇರಿಸಿ ಎಂದು ಮೊಮ್ಮಗಳು ಹೋಗಿ ಕೇಳಿಕೊಂಡಿದ್ದಳಂತೆ. ಸೀಟು ಸಿಕ್ಕ ಪ್ರತಿ ಮನೆಗೂ ಅದು ಅಂಚೆಯಲ್ಲಿ ಹೋಗುತ್ತದಂತೆ.

ಗೋಡೌನು ಕಣ್ಣ ಮುಂದೆ ಬಂತು. ಗೊಬ್ಬರದ ಮೂಟೆಗಳು, ಅದರ ವಾಸನೆ, ಮಂಗಳೂರಿಗೆ ಹೊರಟ ಹುಡುಗಿ.

"ನಮ್ಮದು ಎಂತ ಬರೆದಿದೀರಿ?" ಎಂದು ಕೇಳಿದೆ.

ಅವರು ಸಂಕೋಚದಿಂದಲೇ ಓದಿದರು. "ರೂಮುಗಳು ಚೊಕ್ಕಟ, ಬಿಸಿನೀರು ಉಂಟು. ಊಟಕ್ಕೆ ಪೇಟೆಯ ಹೋಟೆಲು ವಾಸಿ. ಹತ್ತಿರದಲ್ಲಿ ನೋಡುವಂಥದ್ದು ಇಲ್ಲ."

ಮೂರು ಸಾಲು. ಅದರಲ್ಲಿ ಎರಡು ನಾನು ಬರೆಸಿದ್ದು.

"ಅಳಿಸಿ ರೈಟ್ರೇ. ನಮ್ಮಲ್ಲಿ ಪತ್ರೊಡೆ ಮಾಡ್ತೀವಿ, ಕಳಲೆ ಮಾಡ್ತೀವಿ…"

"ತಪ್ಪು ತಿಳೀಬೇಡಿ ಅಮ್ಮ. ನಾನು ತಿನ್ನದ್ದನ್ನ, ನೋಡದ್ದನ್ನ ಬರೆಯಲ್ಲ. ನಾಳೆ ಒಂಬತ್ತೂವರೆ ಬಸ್ಸಿಗೆ ಹೋಗ್ಬೇಕು. ನಾಳೆ ಸಂಜೆ ಬರೆದದ್ದು ಪ್ರೆಸ್ಸಿಗೆ ಹೋಗುತ್ತೆ."

ಅವರ ಮಾತು ನ್ಯಾಯ. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತೆ. ರಾತ್ರಿಗೆ ಪತ್ರೊಡೆ ಸುತ್ತಿ, ಬೆಳಿಗ್ಗೆ ಮೇಸ್ತ್ರಿಯ ಅಳಿಯನ ಜೀಪಿನಲ್ಲಿ ಗುಡ್ಡಕ್ಕೆ ಕಳಿಸಿಬಿಡಲೇ ಅನ್ನಿಸಿತು. ವಿಷಯ ತಿಳಿದ ಮೇಸ್ತ್ರಿಯೂ ಬೇಲಿಯಾಚೆಯಿಂದ ಅದನ್ನೇ ಹೇಳಿದ: "ಎಲ್ಲ ರೆಸಾರ್ಟಿನವ್ರೂ ಗುಡ್ಡ, ಫಾಲ್ಸ್ ಅಂತಾರೆ. ನೀನೂ ಹಾಗೇ ಹೇಳು ಮಾರಾಯ್ತಿ, ಜೀಪು ನಾನು ಕೊಡಿಸ್ತೀನಿ."

ಆದರೆ ಈ ಮಳೆಯಲ್ಲಿ ಗುಡ್ಡದ ಮೇಲೆ ಕಾಣುವುದೇನು? ಮಂಜು. ಅದನ್ನು ಇವರು ಆಗಲೇ ನೋಡಿಬಂದಿದ್ದಾರೆ. ಪುಸ್ತಕ ಓದುವವರು ಯಾರು? ಮಗುವನ್ನು ಬಿಟ್ಟುಹೋಗಲು ಬಂದವರು. ಹೋದ ವರ್ಷ ರಾಯಚೂರಿನ ಕಡೆಯ ತಾಯಿಯೊಬ್ಬಳು ನಮ್ಮ ಎರಡನೇ ರೂಮಿನಲ್ಲಿದ್ದಳು. ಫಾಲ್ಸಿಗೆ ಹೋಗುತ್ತೀರಾ ಎಂದು ಮೊಮ್ಮಗಳು ಕೇಳಿದರೆ ಅವಳು ಕಿಟಕಿಯಿಂದ ಮಳೆ ನೋಡುತ್ತ, "ನನ್ನ ಮಗಳು ತಲಿ ಎಲ್ಲಿ ಒಣಗಿಸ್ತಾಳ್ರೀ?" ಅಂದಿದ್ದಳು. ಇನ್ನೊಬ್ಬ ತಂದೆ ಇಡೀ ದಿನ ಕೇಳಿದ್ದು ಒಂದೇ: ಫೋನಿಗೆ ಸಿಗ್ನಲ್ ಎಲ್ಲಿ ಸಿಗುತ್ತದೆ? ಅವರು ನೋಡಲು ಬಂದದ್ದು ನಮ್ಮ ಗುಡ್ಡವನ್ನಲ್ಲ, ತಮ್ಮ ಮಗು ನಾಳೆಯಿಂದ ನಡೆಯುವ ಜಾಗವನ್ನು.

ಎದ್ದು ಹೊರಗೆ ಬಂದೆ. "ರೈಟ್ರೇ, ಬೆಳಿಗ್ಗೆ ಆರೂವರೆಗೆ ರೆಡಿ ಇರಿ. ಗುಡ್ಡಕ್ಕಲ್ಲ. ನಾನು ಕರ್ಕೊಂಡು ಹೋಗ್ತೀನಿ."

"ನಿಮ್ಮ ಮಂಡಿ?"

"ಅದನ್ನ ಪುಸ್ತಕದಲ್ಲಿ ಬರೀಬೇಡಿ ಅಂದೆನಲ್ಲ, ಸಾಕು."

ಮೊದಲ ಸಲ ಅವರು ನಕ್ಕರು.

ಬೆಳಿಗ್ಗೆ ಮೊದಲು ಅಡಿಗೆಮನೆಗೇ ಕರೆದೆ. ಒಲೆಯ ಪಕ್ಕ ಮಣೆ ಹಾಕಿದೆ. ಅನ್ನ ಹಿಸುಕಿ ಅಕ್ಕಿಹಿಟ್ಟು ಸೇರಿಸಿ ನಾದಿ, ಬಾಳೆಲೆಯ ಮೇಲೆ ತಟ್ಟಿ, ಕಾವಲಿಯಲ್ಲಿ ಬೇಯಿಸಿ, ಕೊನೆಗೆ ಕೆಂಡದ ಮೇಲಿಟ್ಟರೆ ರೊಟ್ಟಿ ಉಬ್ಬುತ್ತದೆ. ಜೊತೆಗೆ ಕಳಲೆ ಪಲ್ಯ. ಅವರು ಮೂರು ರೊಟ್ಟಿ ತಿಂದರು. ನಾಲ್ಕನೆಯದನ್ನು ಕೈಯಲ್ಲಿ ಹಿಡಿದು, "ಇದನ್ನ ಎರಡು ದಿನ ಎಲ್ಲಿಟ್ಟಿದ್ರಿ ತಾಯಿ?" ಎಂದು ಕೇಳಿದರು. ನನಗೆ ನಾಚಿಕೆಯಾಯಿತು. ನಗುವೂ ಬಂತು.

ಆಮೇಲೆ ಹೊರಟೆವು. ಮೊದಲು ಕಾಲೇಜಿನ ಏರು. ಮಕ್ಕಳು ಜಾರಿ ಬೀಳುವ ತಿರುವು ಯಾವುದು, ಪಾಚಿ ಎಲ್ಲಿ ಕಟ್ಟುತ್ತದೆ, ಯಾವ ಬದಿಯಲ್ಲಿ ನಡೆಯಬೇಕು ಎಂದು ತೋರಿಸಿದೆ. ಹೊಸ ಮಕ್ಕಳು ಪ್ಲಾಸ್ಟಿಕ್ ಚಪ್ಪಲಿಯಲ್ಲಿ ಬಂದು ಬೀಳುತ್ತಾರೆ, ಹಿಡಿತ ಇರುವ ಅಟ್ಟೆ ಬೇಕು. ತಿರುವಿನ ಹಲಸಿನ ಮರದ ಕೆಳಗೆ ನಿಲ್ಲಿಸಿ, "ಈಗ ಮನೆಗೆ ಫೋನ್ ಮಾಡಿ" ಅಂದೆ. ಅವರ ಹೆಂಡತಿಯ ದನಿ ನನಗೂ ಕೇಳುವಷ್ಟು ಸ್ಪಷ್ಟ. ಎರಡು ದಿನದಿಂದ ನಮ್ಮ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ಲಿಲ್ಲದೆ ಒದ್ದಾಡಿದ್ದರು. ಸಂಜೆಯಾದರೆ ಕಾಲೇಜಿನ ಅರ್ಧ ಮಕ್ಕಳು ಆ ಮರದ ಕೆಳಗೇ ಇರುತ್ತಾರೆ, ಅಳುವವರು ಆ ಕಡೆ, ನಗುವವರು ಈ ಕಡೆ.

ಅಲ್ಲಿಂದ ಪೇಟೆಗೆ ಇಳಿದೆವು. ಕೊಡೆ ಕಡ್ಡಿ ಕಟ್ಟಿಕೊಡುವವನ ಗೂಡು. ಜ್ವರ ಬಂದ ಮಕ್ಕಳಿಗೆ ಹೇಳಿದರೆ ಗಂಜಿ ಮಾಡಿಕೊಡುವ ಮೆಸ್ಸಿನ ಅಕ್ಕ. ಇಸ್ತ್ರಿ ಅಂಗಡಿ, ಅಲ್ಲಿ ಒದ್ದೆ ಯೂನಿಫಾರ್ಮು ಕೊಟ್ಟರೆ ಒಣಗಿಸಿ ಕೊಡುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಕಳಸದ ಬಸ್ಸು ಎಲ್ಲಿ ನಿಲ್ಲುತ್ತದೆ, ಆಲ್ದೂರಿನದು ಎಲ್ಲಿ. ರೈಟರ ಪೆನ್ನು ನಿಲ್ಲಲೇ ಇಲ್ಲ. ನಾನೂ ನಿಲ್ಲಲಿಲ್ಲ. ಅಷ್ಟು ವರ್ಷ ರೈಟರ ಮುಂದೆ ಬಿಗಿಹಿಡಿದ ಬಾಯಿ, ಬಿಚ್ಚಿದ ಮೇಲೆ ಮುಚ್ಚಬೇಕಲ್ಲ! ಇಂಬಳಕ್ಕೆ ಉಪ್ಪಿನ ಗಂಟು, ಹೊಸ ನೀರಿಗೆ ಕೆಮ್ಮು ಬಂದರೆ ಮೆಣಸಿನ ಕಷಾಯ, ತಲೆ ಒಣಗಿಸಲು ನಮ್ಮ ಹಂಡೆ ಗೋಡೆ, ಎಲ್ಲ ಹೇಳಿದೆ.

"ಗುಡ್ಡ, ಫಾಲ್ಸ್ ಬರೆಯೋದೇ ಬೇಡ್ವಾ?" ಎಂದು ಕೇಳಿದರು.

"ಬರೀರಿ. ಆದ್ರೆ ಈಗ ಹೋಗ್ಬೇಡಿ ಅಂತ ಬರೀರಿ. ಮಳೆ ನಿಂತ ಮೇಲೆ ಮಗುವನ್ನ ನೋಡೋಕೆ ಬರ್ತಾರಲ್ಲ, ಆಗ ಮೂರು ಜನವೂ ಸೇರಿ ಹೋಗ್ಲಿ. ಮತ್ತೆ, ನಡ್ಕೊಂಡು ಹೋಗ್ಬೇಡಿ ಅಂತಲೂ ಬರೀರಿ!"

"ಅದನ್ನ ದಪ್ಪ ಅಕ್ಷರದಲ್ಲಿ ಬರೀತೀನಿ" ಎಂದು ಬಸ್ಸು ಹತ್ತಿದರು.

ಸಂಜೆ ಟ್ರೇನಿಂಗ್ ಮುಗಿಸಿ ಮೊಮ್ಮಗಳು ಬಂದಳು. ಎಲ್ಲವನ್ನೂ ಒಪ್ಪಿಕೊಂಡೆ. ಮೊದಲು ಅವಳ ಮುಖ ಅಳುವ ಹಾಗಾಯಿತು. "ಇಲ್ಲಿ ಎಂತದೂ ಇಲ್ಲ ಅಂದ್ಯಾ ಅಜ್ಜಿ? ಯಾರಾದ್ರೂ ಹಾಗೆ ಹೇಳ್ತಾರಾ?" ಎಂದಳು. ಚೆಕ್‌ರೋಲಿನ ಮಾತು ಬಂದಾಗ ಮಾತ್ರ ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಳು. ನಕ್ಕಳು ನಿಜ, ಆದರೆ ಪುಸ್ತಕ ಬರುವವರೆಗೆ ಇಬ್ಬರಿಗೂ ಸಮಾಧಾನವಿರಲಿಲ್ಲ. ಅವರು ಏನು ಬರೆದರು, ಎಷ್ಟು ಉಳಿಸಿಕೊಂಡರು, ನಮಗೆ ತಿಳಿಯುವ ದಾರಿಯೇ ಇರಲಿಲ್ಲ. ಅವಳು ದಿನಾ ಮಂಚ ಒರೆಸುತ್ತಿದ್ದಳು, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು.

ಅಡ್ಮಿಷನ್ನಿನ ಮೊದಲ ದಿನ ಬೆಳಿಗ್ಗೆ ಏಳಕ್ಕೆ ಒಂದು ಕುಟುಂಬ ಬಾಗಿಲಲ್ಲಿ ನಿಂತಿತ್ತು. ತಾಯಿಯ ಕೈಯಲ್ಲಿ ತೆಳು ಪುಸ್ತಕ, ಬೆರಳು ಒಂದು ಪುಟದೊಳಗೆ. "ಅಜ್ಜಿ ಅನ್ನೋವ್ರು ನೀವೇನಾ? ಬೆಳಿಗ್ಗೆ ನಿಮ್ಮ ಜೊತೆ ಒಂದು ಸುತ್ತು ಹೋಗ್ಬೇಕು ಅಂತ ಬರೆದಿದಾರೆ." ಮೊಮ್ಮಗಳು ಆ ಪುಟವನ್ನು ನಿಂತಲ್ಲೇ ಓದಿದಳು. ಓದಿ ನನ್ನ ಕೆನ್ನೆ ಎರಡೂ ಹಿಂಡಿದಳು, ಅತಿಥಿಗಳ ಮುಂದೆಯೇ! ಮಧ್ಯಾಹ್ನಕ್ಕೆ ಇನ್ನೆರಡು ಕುಟುಂಬ ಬಂದವು. ಮರುದಿನ ಬಂದವರಿಗೆ ನಡುಮನೆ ಬಿಟ್ಟುಕೊಟ್ಟೆವು. ಮೂರನೇ ದಿನ ಮೇಸ್ತ್ರಿಯ ಮನೆಯ ಜಗಲಿಗೂ ಕಳಿಸಿದೆವು. ಅವನು ಹೊಸ ಲುಂಗಿ ಉಟ್ಟು ಬೇಲಿಯ ಹತ್ತಿರ ನಿಂತು ಬಂದವರಿಗೆಲ್ಲ ದಾರಿ ಹೇಳುತ್ತಿದ್ದ.

ಆ ಭಾನುವಾರ ನನ್ನ ಮಗ ಸಂಸೆಯಿಂದ ಬಂದ. ಜೊತೆಗೆ ಗೊಬ್ಬರದಂಗಡಿಯವನು, ಅಳತೆಯ ಟೇಪು ಹಿಡಿದು. ಮೊದಲನೇ ರೂಮಿನ ಬಾಗಿಲು ತಟ್ಟಿದರೆ ಒಳಗಿಂದ ಅಜ್ಜ ಒಬ್ಬರು ಹಲ್ಲುಜ್ಜುತ್ತ ಇಣುಕಿದರು. ಎರಡನೆಯದರಲ್ಲಿ ಹುಡುಗಿಯೊಬ್ಬಳು ಟ್ರಂಕಿನ ಮೇಲೆ ಹೆಸರು ಬರೆಯುತ್ತಿದ್ದಳು. ಮೂರನೆಯದಕ್ಕೆ ನನ್ನ ಮಗ ಹೋಗಲಿಲ್ಲ. ಟೇಪಿನವನ ಹೆಗಲ ಮೇಲೆ ಕೈಯಿಟ್ಟು ಗೇಟಿನವರೆಗೆ ಕರೆದುಕೊಂಡು ಹೋದ. "ಬೇರೆ ಕಡೆ ನೋಡು ಮಾರಾಯ, ಇದು ಆಗೋದಲ್ಲ" ಅನ್ನುವುದು ನನಗೆ ಕೇಳಿಸಿತು.

ಆಮೇಲೆ ಒಳಗೆ ಬಂದು ಟವೆಲು ಹೆಗಲಿಗೆ ಹಾಕಿ ನಿಂತ. ನಡುಮನೆಯಲ್ಲಿ ಗದಗದವರು, ಅವನ ಮಂಚದ ಮೇಲೆ ಅವರ ಸೊಸೆ ಮಗುವಿಗೆ ಹಾಲು ಕುಡಿಸುತ್ತಿದ್ದಳು.

"ನಾನೆಲ್ಲಿ ಮಲಗ್ಲಿ?" ಎಂದು ಮಗಳನ್ನು ಕೇಳಿದ.

ನನ್ನ ಮೊಮ್ಮಗಳು ಕೈಯಲ್ಲಿದ್ದ ಬೆಡ್‌ಶೀಟು ಮಡಚುತ್ತಲೇ, ತಲೆ ಎತ್ತದೆ ಹೇಳಿದಳು: "ಈ ವಾರ ಪೂರ್ತಿ ಫುಲ್ಲಪ್ಪ. ನೀನು ಮೊದಲೇ ಫೋನ್ ಮಾಡಿ ಬರ್ಬೇಕಿತ್ತು."